ಹೆಸರು ಶಾಕ್ ಅಬ್ಸಾರ್ಬರ್, ಕೆಲಸ ಬೇರೆ

ಗುಂಡಿಯ ಹೊಡೆತವನ್ನು ಮೊದಲು ತಾಳುವುದು ಸ್ಪ್ರಿಂಗು. ಕುಗ್ಗಿದ ಸ್ಪ್ರಿಂಗು ಕುಣಿಯುತ್ತಲೇ ಇರದಂತೆ ತಡೆಯುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗುವಾಗ ಕುಣಿತದ ಶಕ್ತಿ ಶಾಖವಾಗುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿಬಂದ ಗಾಡಿಯ ಶಾಕ್ ಮುಟ್ಟಿದರೆ ಬಿಸಿ! ಗಾಡಿಯ ಭಾರ ಹೊರುವ ಹೊಣೆ ಅದಕ್ಕಿಲ್ಲ.

ಇದಕ್ಕೊಂದು ಅಪವಾದವುಂಟು. 1996ರಲ್ಲಿ ಬಂದ ಸ್ವೀಡನ್ನಿನ ವೋಲ್ವೋ ವಿ70 ಸ್ಟೇಷನ್ ವ್ಯಾಗನ್‌ಗಳಲ್ಲಿ ಕೆಲವಕ್ಕೆ ಹಿಂದುಗಡೆ ‘ನಿವೋಮ್ಯಾಟ್’ ಇರುತ್ತದೆ. ಸಾಮಾನು ತುಂಬಿ ಹಿಂಭಾಗ ತಗ್ಗಿದರೆ, ಓಡುವಾಗಿನ ಏರಿಳಿತದಿಂದಲೇ ಇದು ಒಳಗಿನ ಎಣ್ಣೆಯನ್ನು ಪಂಪು ಮಾಡಿಕೊಂಡು ಗಾಡಿಯನ್ನು ಮೇಲೆತ್ತುತ್ತದೆ. ಹೊರಗೆ ಮೋಟಾರೂ ಇಲ್ಲ, ಕೊಳವೆಯೂ ಇಲ್ಲ. ಭಾರದ ಒಂದು ಪಾಲನ್ನು ತಾನೇ ಹೊರುವುದರಿಂದ ಜೊತೆಗಿನ ಸ್ಪ್ರಿಂಗನ್ನು ಮೆದುವಾಗಿ ಮಾಡಿರುತ್ತಾರೆ.

ಎಡವಟ್ಟಾಗುವುದು ಇಲ್ಲೇ. ನಿವೋಮ್ಯಾಟ್ ದುಬಾರಿ. ಅದು ಸೋರತೊಡಗಿದಾಗ ಅಗ್ಗದ ಸಾಮಾನ್ಯ ಶಾಕ್ ಹಾಕಿಸಿದರೆ, ನಾಲ್ಕು ಜನ, ನಾಲ್ಕು ಪೆಟ್ಟಿಗೆ ಏರಿದೊಡನೆ ಹಿಂಭಾಗ ಕುಸಿಯುತ್ತದೆ. ಮುಂಭಾಗ ಮೇಲೆದ್ದು, ಹೆಡ್‌ಲೈಟು ಎದುರಿನವರ ಕಣ್ಣು ಕುಕ್ಕುತ್ತದೆ. ಸಾಮಾನ್ಯ ಶಾಕೇ ಸಾಕೆನ್ನುವವರು ಅದಕ್ಕೆ ಹೊಂದುವ ಗಟ್ಟಿ ಸ್ಪ್ರಿಂಗುಗಳನ್ನೂ ಕೊಳ್ಳಲೇಬೇಕು. ಹಳೆಯದನ್ನು ಬಿಚ್ಚುವ ಮೊದಲೇ ಬಗ್ಗಿ ನೋಡಿದರೆ ಸಾಕು: ನಿವೋಮ್ಯಾಟಿನ ಒಡಲು ಸಾಮಾನ್ಯ ಶಾಕಿಗಿಂತ ದಪ್ಪ. ಯಾವುದನ್ನೇ ಹಾಕಿಸಲಿ, ಸೋರಿದ್ದು ಒಂದೇ ಆದರೂ ಎಡಬಲ ಎರಡನ್ನೂ ಒಟ್ಟಿಗೆ ಬದಲಿಸುವುದು ಮೇಲು.