ಜಾವಾದ ಹಳ್ಳಿ: ನೆರೆಯವನ ನೆನಪೂ ಬೇಕು, ಕಾಗದವೂ ಬೇಕು

ಕಾಫಿ ಬೆಳೆಯುವ ನಮಗೆ ಜಾವಾ ಎಂಬ ಹೆಸರು ಹೊಸದಲ್ಲ. ಡಚ್ಚರು ಆ ದ್ವೀಪಕ್ಕೆ ಕಾಫಿ ಗಿಡಗಳನ್ನು ಒಯ್ದದ್ದು ನಮ್ಮ ಪಕ್ಕದ ಮಲಬಾರ್ ಕರಾವಳಿಯಿಂದಲೇ. 1696ರಲ್ಲಿ ಒಯ್ದವು ಪ್ರವಾಹದಲ್ಲಿ ಹಾಳಾದುವು. 1699ರಲ್ಲಿ ಮತ್ತೆ ಒಯ್ದವು ಬೇರೂರಿದುವು. ಅಡಿಕೆಯಂತೂ ಅಲ್ಲಿ ಅದಕ್ಕಿಂತ ಬಹಳ ಹಳೆಯದು. ಇಷ್ಟು ನಂಟಿದ್ದರೂ ಅಲ್ಲಿನ ಸಣ್ಣ ರೈತ ತನ್ನ ಭೂಮಿಯನ್ನು ಹೇಗೆ ಕಾಯುತ್ತಾನೆ, ಮಕ್ಕಳಿಗೆ ಹೇಗೆ ಹಂಚುತ್ತಾನೆ ಎಂಬುದನ್ನು ನಾವು ವಿಚಾರಿಸಿದ್ದು ಕಡಿಮೆ. ವಿಚಾರಿಸಿದರೆ ನಮ್ಮ ಸದಸ್ಯರಿಗೂ ಪ್ರಯೋಜನವುಂಟೆಂಬುದು ನಮ್ಮ ಅಭಿಪ್ರಾಯ.

ಜಾವಾ ವಿಸ್ತೀರ್ಣದಲ್ಲಿ ಕರ್ನಾಟಕದ ಸುಮಾರು ಮೂರರಲ್ಲಿ ಎರಡು ಪಾಲು. ಆದರೆ 2020ರ ಜನಗಣತಿಯಂತೆ ಅಲ್ಲಿ ವಾಸಿಸುವವರು 15 ಕೋಟಿಗೂ ಹೆಚ್ಚು. ಆದ್ದರಿಂದ ಹಿಡುವಳಿಗಳು ಬಹಳ ಚಿಕ್ಕವು. ಅರ್ಧ ಹೆಕ್ಟೇರ್, ಅಂದರೆ ಒಂದೂಕಾಲು ಎಕರೆಗಿಂತ ಕಡಿಮೆ ಇರುವವನನ್ನು ಅವರು 'ಪೆತಾನಿ ಗುರೆಮ್' ಎನ್ನುತ್ತಾರೆ. ಗುರೆಮ್ ಎಂದರೆ ಕೋಳಿಯ ಮೈಮೇಲಿನ ಸಣ್ಣ ಹೇನು! ಇಂಡೋನೇಷ್ಯದ ಕೃಷಿ ಗಣತಿಯಲ್ಲಿ ಇಂಥ ಕುಟುಂಬಗಳು 2013ರಲ್ಲಿ ಸುಮಾರು 1 ಕೋಟಿ 42 ಲಕ್ಷವಿದ್ದವು. 2023ರಲ್ಲಿ ಸುಮಾರು 1 ಕೋಟಿ 69 ಲಕ್ಷವಾದುವು. ಪ್ರತಿ ರೈತ ಕುಟುಂಬಕ್ಕೂ ಕನಿಷ್ಠ 2 ಹೆಕ್ಟೇರ್ ಇರಬೇಕೆಂಬ ಗುರಿಯನ್ನು 1960ರ ಕಾನೂನು ಹಾಕಿತ್ತು. ಜಾವಾದಲ್ಲಿ ಅದು ಗುರಿಯಾಗಿಯೇ ಉಳಿಯಿತು.

ಇಷ್ಟು ತುಂಡು ಭೂಮಿಯಲ್ಲಿ ಅವರು ಬದುಕುವುದು ಹೇಗೆ? ನೀರಾವರಿ ಗದ್ದೆಗೆ 'ಸಾವಾ' ಎಂದು ಹೆಸರು, ಖುಷ್ಕಿಗೆ 'ತೆಗಾಲ್'. ಇವೆರಡೂ ಇಲ್ಲದವನಿಗೂ ಮನೆಯ ಸುತ್ತ ಒಂದಿಷ್ಟು ಹಿತ್ತಲು ಇದ್ದರೆ, ಅದೇ ಅವನ ಆಸರೆ. ಈ 'ಪೆಕಾರಾಂಗನ್' ಹಿತ್ತಲಿನಲ್ಲಿ ಮೇಲೆ ತೆಂಗು, ಹಲಸು. ನಡುವೆ ಬಾಳೆ, ನಾಲ್ಕು ಕಾಫಿ ಗಿಡ. ಕೆಳಗೆ ಗೆಡ್ಡೆಗೆಣಸು, ಶುಂಠಿ, ಅರಿಸಿನ. ಕೆಲವೆಡೆ ಮೀನಿನ ಗುಂಡಿಯೂ ಉಂಟು. ಅಡಿಕೆ, ಮೆಣಸು, ಬಾಳೆ, ಏಲಕ್ಕಿಗಳನ್ನು ಒಂದೇ ತೋಟದಲ್ಲಿ ಹೊಂದಿಸುವ ನಮಗೆ ಈ ಜಾಣ್ಮೆಯನ್ನು ವಿವರಿಸಬೇಕಿಲ್ಲ.

ಆಸ್ತಿಯ ಕಾವಲಿಗೂ ಅವರಲ್ಲಿ ಒಂದು ಪದ್ಧತಿಯಿದೆ. ಕೇರಿಯ ಗಂಡಸರು ಸರದಿಯ ಮೇಲೆ ರಾತ್ರಿ ಗಸ್ತು ತಿರುಗುತ್ತಾರೆ. ಕಳ್ಳ, ಬೆಂಕಿ, ನೆರೆ, ಯಾವುದಾದರೂ ಬಂದರೆ ಟೊಳ್ಳು ಮರದ ಇಲ್ಲವೇ ಬಿದಿರಿನ 'ಕೆಂತೋಂಗನ್' ಬಡಿದು ಊರನ್ನು ಎಬ್ಬಿಸುತ್ತಾರೆ. ಹಲವು ಊರುಗಳಲ್ಲಿ ಪ್ರತಿ ಮನೆಯವರು ಸಣ್ಣ ಡಬ್ಬಿಯಲ್ಲಿ ಒಂದು ಚಿಟಿಕೆ ಅಕ್ಕಿ ಹಾಕಿ ಹೊರಗೆ ತೂಗುಹಾಕುತ್ತಾರೆ; ಗಸ್ತಿನವರು ಅದನ್ನು ಕೂಡಿಸುತ್ತಾರೆ. ಇದಕ್ಕೆ 'ಜಿಂಪಿತಾನ್' ಎನ್ನುತ್ತಾರೆ. ಈಗ ಅಕ್ಕಿಯ ಬದಲು ನಾಣ್ಯ ಹಾಕುವುದೇ ಹೆಚ್ಚು. ಹೀಗೆ ಕೂಡಿದ್ದು ಕೇರಿಯ ದೀಪಕ್ಕೆ, ದಾರಿಯ ದುರಸ್ತಿಗೆ, ಕಷ್ಟದಲ್ಲಿದ್ದ ಮನೆಗೆ ಒದಗುತ್ತದೆ. ಹನಿಗೂಡಿದರೆ ಹಳ್ಳ ಎಂಬ ಮಾತನ್ನು ಸಹಕಾರಿಗಳಾದ ನಾವು ಸಭೆಗಳಲ್ಲಿ ಹೇಳುತ್ತೇವೆ. ಅವರು ಅದನ್ನು ಪ್ರತಿ ರಾತ್ರಿ ಮಾಡುತ್ತಾರೆ.

ಆದರೆ ಇಂಥ ಊರನ್ನು ಬರೀ ಹೊಗಳಿ ಮುಗಿಸುವುದು ಸರಿಯಲ್ಲ. ಹಿಂದೆ ಭತ್ತದ ಕೊಯ್ಲಿಗೆ ಊರಿನ ಯಾವ ಹೆಂಗಸಾದರೂ ಬರಬಹುದಿತ್ತು. ಅಂಗೈಯಲ್ಲಿ ಅಡಗುವ 'ಆನಿ-ಆನಿ' ಎಂಬ ಸಣ್ಣ ಕತ್ತಿಯಿಂದ ತೆನೆ ತೆನೆಯಾಗಿ ಕೊಯ್ದು, ಕೊಯ್ದದ್ದರಲ್ಲಿ ಪಾಲು ಪಡೆಯುತ್ತಿದ್ದಳು. 1970ರ ದಶಕದಲ್ಲಿ ಹೊಸ ತಳಿಗಳು ಬಂದುವು, ಕುಡುಗೋಲು ಬಂತು, ನಿಂತ ಬೆಳೆಯನ್ನೇ ವರ್ತಕನಿಗೆ ಮಾರುವ 'ತೆಬಾಸಾನ್' ಪದ್ಧತಿ ಹಬ್ಬಿತು. ನಮ್ಮಲ್ಲಿ ಅಡಿಕೆಯನ್ನು ಮರದ ಮೇಲೆಯೇ ಚೇಣಿಗೆ ಕೊಟ್ಟಂತೆ. ವರ್ತಕ ತನ್ನ ಕೆಲವೇ ಆಳುಗಳನ್ನು ತಂದು ಕೊಯ್ಲು ಮುಗಿಸಿದ. ಗದ್ದೆಯ ಯಜಮಾನನಿಗೆ ಖರ್ಚು ಉಳಿಯಿತು, ಭೂಮಿಯಿಲ್ಲದವಳ ಪಾಲು ಹೋಯಿತು. ಆ ಪಾಲಿನ ಹಕ್ಕು ಯಾವ ಕಾಗದದಲ್ಲೂ ಇರಲಿಲ್ಲ. ಆದ್ದರಿಂದ ಅದು ಹೋದಾಗ ಕೇಳುವ ಜಾಗವೂ ಇರಲಿಲ್ಲ.

ಭೂಮಿಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಠವಿದೆ. 1830ರಲ್ಲಿ ಡಚ್ ಗವರ್ನರ್ ಜನರಲ್ ವಾನ್ ಡೆನ್ ಬಾಷ್ ಕಡ್ಡಾಯ ಬೇಸಾಯವನ್ನು ಜಾರಿಗೆ ತಂದ. ಹಳ್ಳಿಯ ಭೂಮಿಯ ಐದನೆಯ ಒಂದು ಪಾಲನ್ನು ಸರ್ಕಾರದ ಬೆಳೆಗೆ ಬಿಡಬೇಕೆಂಬುದು ಲಿಖಿತ ನಿಯಮ. ನಡೆದದ್ದು ಅನೇಕ ಕಡೆ ಅದಕ್ಕಿಂತ ಹೆಚ್ಚು. ಬೆಟ್ಟದ ಓರೆಯ ಕುಟುಂಬಗಳು ಕಾಫಿ ಗಿಡ ನೆಟ್ಟು ಸಾಕಿ, ಸರ್ಕಾರ ಹೇಳಿದ ಬೆಲೆಗೆ ಒಪ್ಪಿಸಬೇಕಾಯಿತು. ಅನಂತರ 1870ರಲ್ಲಿ ಇನ್ನೊಂದು ಶಾಸನ ಬಂತು: ಯಾವ ಭೂಮಿಗೆ ಒಡೆತನವನ್ನು ರುಜುವಾತು ಮಾಡಲಾಗದೋ ಅದೆಲ್ಲ ಸರ್ಕಾರದ್ದು. ತಲೆತಲಾಂತರದಿಂದ ಹಳ್ಳಿಯವರು ಸೌದೆ ಸೊಪ್ಪು ತರುತ್ತಿದ್ದ ಕಾಡು ಬೀಳುಗಳಿಗೆ ಯಾರ ಬಳಿ ರುಜುವಾತು ಇದ್ದೀತು? ಅಂಥ ಭೂಮಿ 75 ವರ್ಷಗಳವರೆಗಿನ ಗುತ್ತಿಗೆಯ ಮೇಲೆ ತೋಟದ ಕಂಪನಿಗಳ ಪಾಲಾಯಿತು.

ಸ್ವತಂತ್ರ ಇಂಡೋನೇಷ್ಯ 1960ರಲ್ಲಿ ತನ್ನದೇ ಭೂ ಕಾನೂನು ಮಾಡಿ ಆ ಶಾಸನವನ್ನು ತೆಗೆದುಹಾಕಿತು. ಆದರೂ ಹಳ್ಳಿಯ ರೂಢಿ ಬೇಗ ಬದಲಾಗಲಿಲ್ಲ. ಹಳ್ಳಿಯ ಕಚೇರಿಯಲ್ಲಿ 'ಲೆಟರ್ ಸಿ' ಎಂಬ ಹಳೆಯ ಪುಸ್ತಕ, ರೈತನ ಪೆಟ್ಟಿಗೆಯಲ್ಲಿ 'ಗಿರಿಕ್' ಎಂಬ ಚೀಟಿ; ಹೆಚ್ಚಿನವರು ಇಷ್ಟನ್ನೇ ನಂಬಿ ಕುಳಿತರು. ಇವು ಕಂದಾಯದ ದಾಖಲೆಗಳೇ ಹೊರತು ಒಡೆತನದ ಹಕ್ಕುಪತ್ರಗಳಲ್ಲ. 2017ರಿಂದ ಸರ್ಕಾರವು ಊರಿಗೆ ಊರನ್ನೇ ಅಳೆದು ಹಕ್ಕುಪತ್ರ ಕೊಡುವ ಕೆಲಸ ಹಿಡಿಯಿತು. ಜಾವಾ, ಬಾಲಿಗಳಲ್ಲಿ ಊರಿನ ಮಟ್ಟದ ಸಿದ್ಧತೆಗೆ ರೈತನಿಂದ ಪಡೆಯಬಹುದಾದ ಹಣವನ್ನು ಒಂದೂವರೆ ಲಕ್ಷ ರೂಪಾಯಾಕ್ಕೆ ಮಿತಿಗೊಳಿಸಿತು. ನಮ್ಮ ಲೆಕ್ಕದಲ್ಲಿ ಇದು ಸಾವಿರ ರೂಪಾಯಿಗೂ ಕಡಿಮೆ. 2021ರ ನಿಯಮವು ಹಳೆಯ ಚೀಟಿಗಳನ್ನು ನೋಂದಾಯಿಸಿಕೊಳ್ಳಲು ಐದು ವರ್ಷಗಳ ಗಡುವನ್ನೂ ಹಾಕಿತು.

ಇಲ್ಲಿ ಒಂದು ಸಂಗತಿ ನಮ್ಮ ಮನಸ್ಸಿಗೆ ನಾಟಿತು. ಅಲ್ಲಿ ಅಳತೆಗೆ ಮೊದಲು ಗಡಿಯ ಗುರುತು ನೆಡಬೇಕು, ಅದಕ್ಕೆ ಅಕ್ಕಪಕ್ಕದ ಜಮೀನಿನವರ ಒಪ್ಪಿಗೆ ಬೇಕು. ಎಂದರೆ ಕಾಗದ ಹುಟ್ಟುವುದೇ ನೆರೆಯವನ ನೆನಪಿನಿಂದ. ಗಡಿಯನ್ನು ಬಲ್ಲ ಇಬ್ಬರು ಹಿರಿಯರು ಬದುಕಿದ್ದಾಗ ಒಂದು ಬೆಳಗಿನಲ್ಲಿ ಮುಗಿಯುವ ಕೆಲಸ, ಅವರು ತೀರಿಕೊಂಡು ಮಕ್ಕಳು ಪಟ್ಟಣ ಸೇರಿದ ಮೇಲೆ ವರ್ಷಗಟ್ಟಲೆಯ ವ್ಯಾಜ್ಯವಾಗುತ್ತದೆ.

ಪಾಲಿನ ವಿಷಯವೂ ಹಾಗೆಯೇ. ಜಾವಾದಲ್ಲಿ 'ಸೆಪಿಕುಲ್ ಸೆಗೆಂದೋಂಗನ್' ಎಂಬ ನುಡಿಯಿದೆ. ಗಂಡು ಅಡ್ಡೆಯ ಎರಡು ಕಡೆಗೂ ಹೊರೆ ತೂಗಿ ಹೊರುತ್ತಾನೆ, ಹೆಣ್ಣು ಬೆನ್ನಿನ ಮೇಲೆ ಒಂದೇ ಹೊರೆ ಹೊರುತ್ತಾಳೆ. ಆದ್ದರಿಂದ ಅವನಿಗೆ ಎರಡು, ಅವಳಿಗೆ ಒಂದು. ಆದರೂ ಮಗ, ಮಗಳು ಎನ್ನದೆ ಸಮನಾಗಿ ಹಂಚುವ ಮನೆಗಳು ಅಲ್ಲಿ ಬಹಳ. ಯಾವ ರೀತಿಯಾದರೂ ತಂದೆತಾಯಿಯರು ಕಣ್ಣೆದುರೇ ಹಂಚಿ, ಅದನ್ನು ಬರೆಯಿಸಿಟ್ಟ ಮನೆಯಲ್ಲಿ ಜಗಳ ಕಡಿಮೆ. "ಆಮೇಲೆ ನೋಡೋಣ" ಎಂದ ಮನೆಯಲ್ಲಿ ಆಮೇಲೆ ನೋಡುವವರು ವಕೀಲರೇ.

ಹಕ್ಕುಪತ್ರ ಕೈಗೆ ಬಂದರೆ ಅಡವಿಡುವುದು, ಮಾರುವುದು ಸುಲಭವಾಗಿ ಭೂಮಿ ಬೇಗ ಕೈಬಿಡುತ್ತದೆಂದು ಆಕ್ಷೇಪಿಸುವವರಿದ್ದಾರೆ. ಇದರಲ್ಲಿ ಸತ್ಯವಿದೆ, ಜಾವಾದಲ್ಲಿಯೂ ಈ ಭಯವುಂಟು. ಆದರೆ ಕಾಗದವಿಲ್ಲದ ಭೂಮಿಯೇನು ಉಳಿಯಿತು? 1870ರ ಕಥೆ ಅದಕ್ಕೆ ಉತ್ತರ. ಅಡವಿಡುವ ಚಪಲಕ್ಕೆ ಮದ್ದು ನಮ್ಮಂಥ ಸಹಕಾರ ಸಂಘಗಳಲ್ಲಿ ಸಿಗಬೇಕೇ ಹೊರತು ದಾಖಲೆಯಿಲ್ಲದಿರುವುದರಲ್ಲಿ ಅಲ್ಲ.

ನಮ್ಮ ಸದಸ್ಯರಲ್ಲಿಯೂ ತಾತನ ಹೆಸರಿನ ಪಹಣಿ ಹಿಡಿದು ಸಾಲಕ್ಕೆ ಬರುವವರಿದ್ದಾರೆ. ಪೌತಿ ಖಾತೆ ಆಗಿರುವುದಿಲ್ಲ, ಅಣ್ಣತಮ್ಮಂದಿರ ಬಾಯಿಮಾತಿನ ಪಾಲಿಗೆ ವಿಭಾಗಪತ್ರವಿರುವುದಿಲ್ಲ, ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕೇಳಿಯೇ ಇರುವುದಿಲ್ಲ. ಎಲ್ಲರೂ ಚೆನ್ನಾಗಿದ್ದಾರೆ, ಅವಸರವೇನು ಎನ್ನುತ್ತಾರೆ. ಎಲ್ಲರೂ ಚೆನ್ನಾಗಿರುವಾಗಲೇ ಮಾಡಬೇಕಾದ ಕೆಲಸವಿದು. ಈ ಸಲ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ಮನೆಯ ಹಿರಿಯರನ್ನೂ ಪಕ್ಕದ ತೋಟದವರನ್ನೂ ಕರೆದುಕೊಂಡು ಒಮ್ಮೆ ಗಡಿಯ ಸುತ್ತ ನಡೆದು ಬನ್ನಿ. ಕಲ್ಲು ಎಲ್ಲಿದೆ ಎಂದು ಮಕ್ಕಳಿಗೆ ತೋರಿಸಿ. ಅನಂತರ ಕಚೇರಿಗೆ ಹೋಗಿ ಅರ್ಜಿ ಕೊಡಿ. ಸದಸ್ಯ ಬಂಧುಗಳು ಇದನ್ನು ಮುಂದಿನ ವರ್ಷಕ್ಕೆ ತಳ್ಳಬಾರದೆಂದು ನಮ್ಮ ವಿನಂತಿ.