ಕೊಲ್ಲಿಯ ಸಂಬಳ, ಊರಿನ ಬದುಕು: ಹೋಲಿಕೆಯ ಅಳತೆಗೋಲು ಯಾವುದು?

ಕಾಸರಗೋಡಿನಲ್ಲಿ ಪದವಿ ಮುಗಿಸಿದ ಯುವಕರಲ್ಲಿ ಹಲವರ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಊರಿನಲ್ಲಿ ಉಳಿಯುವುದೋ, ಕೊಲ್ಲಿಗೆ ಹೋಗುವುದೋ? ಎಪ್ಪತ್ತರ ದಶಕದಲ್ಲಿ ತೈಲದ ಬೆಲೆ ಏರಿದಂದಿನಿಂದ ಮಂಜೇಶ್ವರ, ಕುಂಬಳೆ, ಹೊಸದುರ್ಗಗಳ ಅನೇಕ ಮನೆಗಳು ಈ ಪ್ರಶ್ನೆಯನ್ನು ಎದುರಿಸಿವೆ. ಉತ್ತರ ಹುಡುಕುವಾಗ ಎರಡು ದೇಶಗಳ ಹೋಲಿಕೆ ತಾನಾಗಿಯೇ ನಡೆಯುತ್ತದೆ. ಸಾಮಾನ್ಯವಾಗಿ ಅದು ದಿರ್ಹಮನ್ನು ರೂಪಾಯಿಯಾಗಿಸಿ ಗುಣಿಸುವಲ್ಲಿಗೆ ಮುಗಿಯುತ್ತದೆ. ಈ ಲೆಕ್ಕ ಸುಳ್ಳಲ್ಲ, ಆದರೆ ಅಪೂರ್ಣ. ಸಂಬಳ ದೊರೆಯುವುದು ದಿರ್ಹಮಿನಲ್ಲಾದರೆ ಬಾಡಿಗೆ, ಊಟ, ಮಕ್ಕಳ ಶಾಲೆಯ ಶುಲ್ಕಗಳೂ ದಿರ್ಹಮಿನಲ್ಲಿಯೇ ವೆಚ್ಚವಾಗುತ್ತವೆ. ರೂಪಾಯಿಯಾಗುವುದು ಉಳಿದದ್ದು ಮಾತ್ರ.

ಇದಕ್ಕಿಂತ ಉತ್ತಮವಾದ ಅಳತೆಗೋಲುಗಳೂ ಇವೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1990ರಿಂದ ಪ್ರಕಟಿಸುತ್ತಿರುವ ಮಾನವ ಅಭಿವೃದ್ಧಿ ಸೂಚ್ಯಂಕವು ಆಯುಷ್ಯ, ಶಿಕ್ಷಣ, ಆದಾಯ ಈ ಮೂರನ್ನೂ ಒಟ್ಟಾಗಿ ಪರಿಗಣಿಸುತ್ತದೆ. 2025ರ ವರದಿಯಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ 15ನೆಯ ಸ್ಥಾನದಲ್ಲಿದೆ. ಭಾರತ 130ನೆಯ ಸ್ಥಾನದಲ್ಲಿದೆ. ಬೆಲೆಗಳ ಅಂತರವನ್ನು ಸರಿದೂಗಿಸಿ ಲೆಕ್ಕ ಹಾಕಿದಾಗಲೂ ಅಲ್ಲಿನ ತಲಾ ಆದಾಯ ಇಲ್ಲಿನದರ ಏಳೆಂಟು ಪಟ್ಟು. ಭಾರತೀಯನ ನಿರೀಕ್ಷಿತ ಆಯುಷ್ಯ 72 ವರ್ಷವಾದರೆ ಅಲ್ಲಿ ಅದು 80ನ್ನು ದಾಟಿದೆ. ನಿಲ್ಲದ ವಿದ್ಯುತ್ತು, ಹದಗೆಡದ ರಸ್ತೆ, ರಾತ್ರಿಯಲ್ಲಿಯೂ ನಿರ್ಭಯವಾಗಿ ನಡೆಯಬಹುದಾದ ಬೀದಿ ಇವುಗಳನ್ನು ಅಲ್ಲಿಂದ ಮರಳಿದವರು ಮೆಚ್ಚುವುದು ಉತ್ಪ್ರೇಕ್ಷೆಯಲ್ಲ.

ಆದರೆ ಸರಾಸರಿ ಎಂಬುದು ಯಾರ ಬದುಕು? ಆ ದೇಶದ ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಮಂದಿ ವಿದೇಶೀಯರು. ಸರಕಾರದ ಉಚಿತ ಶಿಕ್ಷಣ, ಆರೋಗ್ಯ, ವಸತಿ ನೆರವು ಇರುವುದು ಮುಖ್ಯವಾಗಿ ಅಲ್ಲಿನ ಪೌರರಿಗೆ. ವಲಸಿಗ ಕಾರ್ಮಿಕನ ವಾಸ್ತವ್ಯ ಅವನ ಉದ್ಯೋಗಕ್ಕೆ ಕಟ್ಟುಬಿದ್ದಿದೆ. ಕೆಲಸ ಹೋದರೆ ಕೆಲವೇ ತಿಂಗಳುಗಳಲ್ಲಿ ಮತ್ತೊಂದನ್ನು ಹುಡುಕಬೇಕು, ಇಲ್ಲವೇ ಹಿಂದಿರುಗಬೇಕು. ತಿಂಗಳಿಗೆ 4,000 ದಿರ್ಹಮ್, ಅಥವಾ ವಸತಿಯೊಂದಿಗೆ 3,000 ದಿರ್ಹಮ್ ಸಂಬಳವಿದ್ದವನಷ್ಟೇ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಲ್ಲ. ಅದಕ್ಕಿಂತ ಕೆಳಗಿನವನು ಒಂದೇ ಕೋಣೆಯಲ್ಲಿ ಹಲವರೊಡನೆ ಮಲಗಿ, ಮಗುವಿನ ಮೊದಲ ಹೆಜ್ಜೆಯನ್ನು ಮೊಬೈಲಿನ ಪರದೆಯಲ್ಲಿ ನೋಡುತ್ತಾನೆ. ಕಾರ್ಮಿಕ ಸಂಘ ಕಟ್ಟುವ ಹಕ್ಕೂ ಅವನಿಗಿಲ್ಲ. 2019ರಲ್ಲಿ ಆರಂಭವಾದ ಗೋಲ್ಡನ್ ವೀಸಾ ಹೂಡಿಕೆದಾರರಿಗೆ, ತಜ್ಞರಿಗೆ ಬಾಗಿಲು ತೆರೆದಿದೆಯೇ ಹೊರತು ಸಿಮೆಂಟು ಹೊರುವವನಿಗಲ್ಲ.

ಹೋಲಿಕೆಯ ಇನ್ನೊಂದು ತೊಡಕು ಕಾಲಕ್ಕೆ ಸಂಬಂಧಿಸಿದ್ದು. ವಲಸಿಗನ ಬಾಲ್ಯವನ್ನೂ ಶಿಕ್ಷಣವನ್ನೂ ಪೋಷಿಸಿದ್ದು ಊರು. ಅವನ ದುಡಿಮೆಯ ವರ್ಷಗಳು ಸಲ್ಲುವುದು ಕೊಲ್ಲಿಗೆ. ವೃದ್ಧಾಪ್ಯ ಮರಳಿ ಊರಿನ ಪಾಲಿಗೆ ಬರುತ್ತದೆ. ವೀಸಾಕ್ಕೆ ಮೊದಲೇ ವೈದ್ಯಕೀಯ ತಪಾಸಣೆ ನಡೆಸಿ ಆರೋಗ್ಯವಂತರನ್ನಷ್ಟೇ ಒಳಗೆ ಬಿಡುವ, ಮುಪ್ಪಿಗೆ ಮೊದಲೇ ಬಹುಪಾಲು ಮಂದಿಯನ್ನು ಹಿಂದಕ್ಕೆ ಕಳುಹಿಸುವ ದೇಶದ ಲೆಕ್ಕಪುಸ್ತಕ ಅಂದವಾಗಿ ಕಾಣುವುದು ಸಹಜ. ಮೊದಲ ಐದು ವರ್ಷಗಳ ಸೇವೆಗೆ ವರ್ಷವೊಂದಕ್ಕೆ 21 ದಿನಗಳ ಮೂಲ ವೇತನ, ಆ ಬಳಿಕ 30 ದಿನಗಳದು: ಕೆಲಸ ಬಿಡುವಾಗ ಕಾರ್ಮಿಕನಿಗೆ ಕಾನೂನು ಕೊಡಿಸುವ ಇಡುಗಂಟು ಇಷ್ಟೇ. ಅಲ್ಲಿನ ಪೌರನಿಗಿರುವ ಪಿಂಚಣಿ ವ್ಯವಸ್ಥೆಯಲ್ಲಿ ಅವನಿಗೆ ಪಾಲಿಲ್ಲ.

ಈ ಬದಿಯ ಸರಾಸರಿಯೂ ಇಷ್ಟೇ ಮೋಸದ್ದು. ಭಾರತದಲ್ಲಿ ಸಾವಿರ ಶಿಶುಗಳಲ್ಲಿ 25 ಒಂದು ವರ್ಷ ತುಂಬುವ ಮೊದಲೇ ಸಾಯುತ್ತವೆ ಎನ್ನುತ್ತದೆ 2023ರ ಮಾದರಿ ನೋಂದಣಿ ಸಮೀಕ್ಷೆ. ಕೇರಳದಲ್ಲಿ ಆ ಸಂಖ್ಯೆ 5. ಈ ಒಂದು ಅಳತೆಯಲ್ಲಿ ಕೇರಳ ಕೊಲ್ಲಿಗೆ ಹತ್ತಿರ, ಭಾರತಕ್ಕೆ ದೂರ. ಆದರೆ ಕೇರಳದ ಸರಾಸರಿಯೊಳಗೆ ಕಾಸರಗೋಡು ಎಲ್ಲಿದೆ? 2020ರ ಮಾರ್ಚಿನಲ್ಲಿ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿದಾಗ ಅದಕ್ಕೆ ಉತ್ತರ ದೊರೆಯಿತು. ದೊಡ್ಡ ಕಾಯಿಲೆಗೆ ಮಂಗಳೂರನ್ನೇ ನಂಬಿದ್ದ ಜಿಲ್ಲೆಯ ರೋಗಿಗಳು ಆಂಬುಲೆನ್ಸಿನಲ್ಲಿಯೇ ತಡೆಯಲ್ಪಟ್ಟರು. ಸಕಾಲದಲ್ಲಿ ಚಿಕಿತ್ಸೆ ಸಿಗದೆ ಪ್ರಾಣ ಕಳೆದುಕೊಂಡವರೂ ಇದ್ದರು.

ಹಾಗಿದ್ದರೂ ಊರಿನ ಬದುಕಿನಲ್ಲಿ ಸೂಚ್ಯಂಕಕ್ಕೆ ಸಿಗದ ಒಂದು ಅಂಶವಿದೆ. ಅದು ಕೇಳುವ ಹಕ್ಕು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಚಿದ ಎಂಡೋಸಲ್ಫಾನಿನಿಂದ ಬಾಧಿತರಾದ ಎಣ್ಮಕಜೆ ಮೊದಲಾದ ಗ್ರಾಮಗಳ ಜನ ದಶಕಗಳ ಕಾಲ ಹೋರಾಡಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕೀಟನಾಶಕವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಹಣ ತಲಪುವಲ್ಲಿ ಆದ ವಿಳಂಬ ಅಕ್ಷಮ್ಯ. ಆದರೆ ಕೇಳಿದ ಅಪರಾಧಕ್ಕೆ ಯಾರನ್ನೂ ವಿಮಾನ ಹತ್ತಿಸಲಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿದೆ. ಅದು ಎಷ್ಟೋ ಬಾರಿ ಕಾಗದದಲ್ಲಿಯೇ ಉಳಿದರೂ, ಅದನ್ನು ಹಿಡಿದು ಕಚೇರಿಯ ಬಾಗಿಲು ತಟ್ಟಬಹುದು. ಅಂಥ ಬಾಗಿಲು ಇದೆಯೋ ಇಲ್ಲವೋ ಎಂಬುದೂ ಬದುಕಿನ ಗುಣಮಟ್ಟದ ಒಂದು ಅಳತೆಯೇ.

ಹಕ್ಕು ಹೊಟ್ಟೆ ತುಂಬಿಸದು ಎಂಬ ಆಕ್ಷೇಪಕ್ಕೆ ಬಲವಿದೆ. ಕೊಲ್ಲಿಯ ಹಣ ಬಾರದಿದ್ದರೆ ಎಷ್ಟೋ ಮನೆಗಳಿಗೆ ಕಾಂಕ್ರೀಟಿನ ಮಾಡು ಇರುತ್ತಿರಲಿಲ್ಲ. ಎಷ್ಟೋ ತಂಗಿಯಂದಿರು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಹೋಗುವವರನ್ನು ತಡೆಯುವುದು ಈ ಮಾತಿನ ಉದ್ದೇಶವಲ್ಲ. ಹೋಗುವವರು ಹೋಲಿಸಬೇಕಾದದ್ದು ದೇಶ ದೇಶಗಳನ್ನಲ್ಲ. ತಮಗೆ ಇಲ್ಲಿ ದೊರೆಯುವ ಸ್ಥಾನವನ್ನು ಮತ್ತು ಅಲ್ಲಿ ದೊರೆಯುವ ಸ್ಥಾನವನ್ನು. ಖರ್ಚು ಕಳೆದು ಉಳಿಯುವುದೆಷ್ಟು? ಕುಟುಂಬ ಜೊತೆಗಿರಬಹುದೇ? ಕರಾರುಪತ್ರದಲ್ಲಿ ಬರೆದಿರುವ ಮೂಲ ವೇತನವೆಷ್ಟು? ಮರಳಿದ ಮೇಲೆ ಆಸರೆ ಯಾವುದು? ಕೇರಳದ ಪ್ರವಾಸಿ ಕ್ಷೇಮನಿಧಿಗೆ ಸೇರಿ ವಂತಿಗೆ ಕಟ್ಟಿದವರಿಗೆ ಅರುವತ್ತರ ಬಳಿಕ ಪಿಂಚಣಿಯಿದೆ. ಹೊರಡುವವರು ಟಿಕೆಟಿನ ದರದ ಜೊತೆಗೆ ಅದನ್ನೂ ವಿಚಾರಿಸಿಕೊಳ್ಳಬೇಕು.

ಊರಿನ ಹೊಣೆಯೂ ಉಳಿದೇ ಇದೆ. ಜಿಲ್ಲೆಯಲ್ಲಿ ನೆಚ್ಚಬಹುದಾದ ಆಸ್ಪತ್ರೆ, ಓದಿಗೆ ತಕ್ಕ ಕೆಲಸ, ಕನ್ನಡದಲ್ಲಿ ಉತ್ತರಿಸುವ ಕಚೇರಿ ಇರುವಂದು ಕೊಲ್ಲಿಗೆ ಹೋಗುವುದು ಆಯ್ಕೆಯಾಗುತ್ತದೆ. ಇವು ಇಲ್ಲದಿರುವ ತನಕ ಅದನ್ನು ಆಯ್ಕೆಯೆಂದು ಕರೆಯುವುದು ಕಷ್ಟ.