ಪುಂಡ್ರವರ್ಧನದಿಂದ ಕಳ್ಬಪ್ಪಿಗೆ

ಕಲ್ಕತ್ತೆಯಲ್ಲಿ ನೆಲೆಸಿದ ಕನ್ನಡಿಗನಿಗೆ ಎರಡು ಪ್ರಶ್ನೆಗಳು ತಪ್ಪಿದ್ದಲ್ಲ. "ಅಷ್ಟು ದೂರದಿಂದ ಇಲ್ಲಿಗೇಕೆ ಬಂದಿರಿ?" ಎಂದು ಇಲ್ಲಿಯವರು ಕೇಳುತ್ತಾರೆ, ಊರಿಗೆ ಹೋದರೆ, "ಇನ್ನೂ ಅಲ್ಲಿಯೇ ಇದ್ದೀರಾ?" ಎಂದು ಅಲ್ಲಿಯವರು ಕೇಳುತ್ತಾರೆ. ಹೊಟ್ಟೆಪಾಡು ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಬಂಗಾಳಕ್ಕೂ ಕನ್ನಡನಾಡಿಗೂ ನಡುವಣ ದಾರಿ ರೈಲು ಬಂದ ಮೇಲೆ ಹುಟ್ಟಿದ್ದಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ನಮಗೆ ಎದುರು ದಿಕ್ಕಿನಲ್ಲಿ, ಈ ಸೀಮೆಯಲ್ಲಿ ಹುಟ್ಟಿ ನಮ್ಮ ಸೀಮೆಗೆ ನಡೆದು ಬಂದ ಮಹಾನುಭಾವರೊಬ್ಬರಿದ್ದರೆಂದು ನಮ್ಮ ಹಿರಿಯರು ನಂಬಿದ್ದರು. ಅವರು ಭದ್ರಬಾಹು ಸ್ವಾಮಿಗಳು. ಈ ಸಲದ ಪುಟ ಅವರಿಗೆ ಮೀಸಲು.

ಭದ್ರಬಾಹುಗಳ ಕಥೆ ನಮ್ಮ ಹಳಗನ್ನಡ ಗದ್ಯದ ಮೊದಲ ಗ್ರಂಥಗಳಲ್ಲೊಂದಾದ 'ವಡ್ಡಾರಾಧನೆ'ಯಲ್ಲಿದೆ. ಹರಿಷೇಣನೆಂಬ ಜೈನಕವಿ ಕ್ರಿ. ಶ. 931ರಲ್ಲಿ ರಚಿಸಿದ ಸಂಸ್ಕೃತದ 'ಬೃಹತ್ಕಥಾಕೋಶ'ದಲ್ಲಿಯೂ ಇದೆ. ಅವರ ಹುಟ್ಟೂರು ಪುಂಡ್ರವರ್ಧನ ದೇಶದ ದೇವಕೋಟವೆಂದು ಹರಿಷೇಣ ಹೇಳುತ್ತಾನೆ. ಪುಂಡ್ರವರ್ಧನವೆಂದರೆ ಉತ್ತರ ಬಂಗಾಳ. ದೇವಕೋಟಕ್ಕೆ ಕೋಟಿವರ್ಷವೆಂಬ ಹೆಸರೂ ಇತ್ತು. ಅದರ ಅವಶೇಷಗಳು ದಕ್ಷಿಣ ದಿನಾಜಪುರ ಜಿಲ್ಲೆಯ ಗಂಗಾರಾಮಪುರದ ಹತ್ತಿರ, ಪುನರ್ಭವಾ ನದಿಯ ದಡದಲ್ಲಿ, ಬಾಣಗಡ ಎಂಬ ಹೆಸರಿನಲ್ಲಿವೆ. ಕಲ್ಕತ್ತಾ ವಿಶ್ವವಿದ್ಯಾಲಯದವರು 1938ರಿಂದ 1941ರವರೆಗೆ ಅಲ್ಲಿ ಅಗೆದು ನೋಡಿದರು. ನಮ್ಮ ಮನೆಗಳಿಂದ ಸುಮಾರು 400 ಕಿಲೋಮೀಟರು. ಒಂದು ರಾತ್ರಿಯ ಪ್ರಯಾಣ.

ಬಾಲಕ ಭದ್ರಬಾಹು ಊರ ಹೊರಗೆ ಗೆಳೆಯರೊಡನೆ ಆಡುತ್ತಿದ್ದನಂತೆ. ಒಂದರ ಮೇಲೊಂದು ಗುಂಡು ನಿಲ್ಲಿಸುವ ಆಟ. ಉಳಿದ ಹುಡುಗರ ಕೈಯಲ್ಲಿ ಕೆಲವೇ ನಿಂತವು. ಇವನು ಹದಿನಾಲ್ಕನ್ನು ನಿಲ್ಲಿಸಿದ. ದಾರಿಯಲ್ಲಿ ಹೋಗುತ್ತಿದ್ದ ಗೋವರ್ಧನಾಚಾರ್ಯರು ಅದನ್ನು ಕಂಡು ನಿಂತರು. ಜೈನಾಗಮದಲ್ಲಿ 'ಪೂರ್ವ'ಗಳೆಂಬ ಪ್ರಾಚೀನ ಶಾಸ್ತ್ರಗಳು ಹದಿನಾಲ್ಕು. ಇವನ್ನೂ ಸೇರಿಸಿ ಸಮಸ್ತ ಆಗಮವನ್ನು ಬಾಯಿಪಾಠವಾಗಿ ಬಲ್ಲವರಿಗೆ ಶ್ರುತಕೇವಲಿಗಳೆಂದು ಹೆಸರು. ಈ ಹುಡುಗನೇ ಕೊನೆಯ ಶ್ರುತಕೇವಲಿಯಾಗುವನೆಂದು ಆಚಾರ್ಯರಿಗೆ ಹೊಳೆಯಿತು. ತಂದೆ ಸೋಮಶರ್ಮನನ್ನು ಕೇಳಿ ಹುಡುಗನನ್ನು ಕರೆದೊಯ್ದು ವಿದ್ಯೆ ಕಲಿಸಿದರು.

ಬಂಗಾಳದಲ್ಲಿ ಜೈನರೆಲ್ಲಿ ಎಂದು ವಾಚಕರು ಕೇಳಬಹುದು. ಗೌರೀಬಾಡಿಯ ಪಾರೇಶನಾಥ ಮಂದಿರವನ್ನು ನಾವೆಲ್ಲರೂ ಮಕ್ಕಳಿಗೆ ತೋರಿಸಿದ್ದೇವೆ. ಆದರೆ ಅದು 1867ರಷ್ಟು ಈಚಿನದು. ಹಳೆಯ ಸಾಕ್ಷ್ಯ ಬೇರೆ ಇದೆ. 'ಕಲ್ಪಸೂತ್ರ'ದ ಗುರುಪಟ್ಟಿಯಲ್ಲಿ ಭದ್ರಬಾಹುಗಳ ಶಿಷ್ಯ ಗೋದಾಸನಿಂದ ಹೊರಟ ಶಾಖೆಗಳ ಹೆಸರುಗಳಿವೆ. ತಾಮ್ರಲಿಪ್ತಿ, ಕೋಟಿವರ್ಷ, ಪುಂಡ್ರವರ್ಧನ ಎಂಬ ಊರುಗಳ ಹೆಸರೇ ಅವುಗಳಲ್ಲಿ ಮೂರಕ್ಕೆ. ತಾಮ್ರಲಿಪ್ತಿಯೆಂದರೆ ನಮ್ಮ ಪಕ್ಕದ ತಮಲುಕ್. ಈಗ ಬಾಂಗ್ಲಾದೇಶದಲ್ಲಿರುವ ಪಹಾಡಪುರದಲ್ಲಿ ಸಿಕ್ಕಿದ ಕ್ರಿ. ಶ. 479ರ ತಾಮ್ರಶಾಸನದಲ್ಲಿ, ನಾಥಶರ್ಮನೆಂಬ ಬ್ರಾಹ್ಮಣನೂ ಅವನ ಹೆಂಡತಿ ರಾಮಿಯೂ ಅರ್ಹಂತರ ಪೂಜೆಗೆಂದು ಜೈನ ವಿಹಾರವೊಂದಕ್ಕೆ ಭೂಮಿ ಬಿಟ್ಟ ಸಂಗತಿಯಿದೆ. ಏಳನೆಯ ಶತಮಾನದಲ್ಲಿ ಬಂದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಪುಂಡ್ರವರ್ಧನದಲ್ಲಿ ದಿಗಂಬರ ಸನ್ಯಾಸಿಗಳು ಬಹಳವೆಂದು ಬರೆದ. ಆದ್ದರಿಂದ ಹುಟ್ಟೂರಿನ ಮಾತು ಬರಿಯ ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ.

ಮುಂದೆ ಮುನಿಗಳು ಉಜ್ಜಯಿನಿಗೆ ಬಂದರು. ಒಂದು ದಿನ ಭಿಕ್ಷೆಗೆಂದು ಒಂದು ಮನೆಯೊಳಕ್ಕೆ ಕಾಲಿಟ್ಟರೆ ತೊಟ್ಟಿಲ ಕೂಸೊಂದರ ಹೊರತು ಯಾರೂ ಇರಲಿಲ್ಲ. ಮಾತು ಬಾರದ ಆ ಕೂಸು, "ಹೋಗಿ, ಇಲ್ಲಿಂದ ಬೇಗ ಹೋಗಿ" ಎಂದಿತಂತೆ. ಹನ್ನೆರಡು ವರ್ಷ ಮಳೆಯಿಲ್ಲವೆಂದು ಮುನಿಗಳು ಅರಿತರು. ಉಣ್ಣದೆ ಹಿಂದಿರುಗಿ ಸಂಘವನ್ನು ಕರೆದು ದಕ್ಷಿಣಕ್ಕೆ ಹೊರಡಿರೆಂದರು. ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ 'ರಾಜಾವಳಿ ಕಥೆ'ಯಲ್ಲಿ ಊರು ಪಾಟಲಿಪುತ್ರ. ಅರಸ ಚಂದ್ರಗುಪ್ತನಿಗೆ ಹದಿನಾರು ಕನಸುಗಳು ಬೀಳುತ್ತವೆ. ಅವುಗಳಲ್ಲಿ ಹನ್ನೆರಡು ಹೆಡೆಯ ಹಾವೊಂದು. ಅದೇ ಹನ್ನೆರಡು ವರ್ಷದ ಬರವೆಂದು ಮುನಿಗಳು ಅರ್ಥ ಹೇಳಿದರು. ಅರಸ ಮಗನಿಗೆ ಪಟ್ಟ ಕಟ್ಟಿ, ತಾನೂ ದೀಕ್ಷೆ ವಹಿಸಿ ಅವರ ಹಿಂದೆ ನಡೆದ.

ಕಚೇರಿಯಲ್ಲಿ ಕಡತ ನೋಡುವ ನಮ್ಮಂಥ ಗುಮಾಸ್ತರಿಗೆ ಇಲ್ಲಿ ಟಿಪ್ಪಣಿ ಬರೆಯಬೇಕೆನ್ನಿಸುತ್ತದೆ. ದಿಗಂಬರರ ಲೆಕ್ಕದಂತೆ ಮಹಾವೀರನ ನಿರ್ವಾಣವಾದ 162 ವರ್ಷಕ್ಕೆ, ಶ್ವೇತಾಂಬರರ ಲೆಕ್ಕದಂತೆ 170 ವರ್ಷಕ್ಕೆ ಭದ್ರಬಾಹುಗಳ ಕಾಲ ಮುಗಿಯಿತು. ನಿರ್ವಾಣ ಕ್ರಿ. ಪೂ. 527ರಲ್ಲಿ ಎಂದು ಹಿಡಿದರೆ, ಕ್ರಿ. ಪೂ. 321ರ ಸುಮಾರಿಗೆ ಪಟ್ಟಕ್ಕೆ ಬಂದ ಚಂದ್ರಗುಪ್ತ ಮೌರ್ಯನು ಅವರ ಶಿಷ್ಯನಾಗುವುದು ಕೂಡಿಬರುವುದಿಲ್ಲ. ಹರಿಷೇಣನ ಪ್ರಕಾರ ಮುನಿಗಳು ದಕ್ಷಿಣಕ್ಕೆ ಬರಲೇ ಇಲ್ಲ; ಸಂಘವನ್ನು ಪುನ್ನಾಟಕ್ಕೆ ಕಳುಹಿಸಿ, ತಾವು ಅಲ್ಲಿಯೇ ಉಪವಾಸದಿಂದ ದೇಹ ಬಿಟ್ಟರು. ಶ್ವೇತಾಂಬರರು ಅವರು ಬರಗಾಲದಲ್ಲಿ ನೇಪಾಳದಲ್ಲಿ ಧ್ಯಾನಸ್ಥರಾಗಿದ್ದರೆನ್ನುತ್ತಾರೆ. ಭದ್ರಬಾಹು ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರೆಂದು ಫ್ಲೀಟ್ ಮೊದಲಾದ ವಿದ್ವಾಂಸರು ವಾದಿಸಿದರು.

ಇಷ್ಟಾದರೂ ಶ್ರವಣಬೆಳಗೊಳದ ಕಲ್ಲು ಸುಮ್ಮನಿರುವುದಿಲ್ಲ. ಅಲ್ಲಿಯ ಚಿಕ್ಕಬೆಟ್ಟಕ್ಕೆ ಚಂದ್ರಗಿರಿಯೆಂದೂ ಹೆಸರು. ಹಳೆಯ ಹೆಸರು ಕಳ್ಬಪ್ಪು. ಪಾರ್ಶ್ವನಾಥ ಬಸದಿಯ ಹತ್ತಿರದ ಬಂಡೆಯ ಮೇಲೆ ಕ್ರಿ. ಶ. 600ರ ಸುಮಾರಿನ ಶಾಸನವೊಂದಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿ ಹನ್ನೆರಡು ವರ್ಷದ ಕೇಡನ್ನು ಮುಂದಾಗಿ ಹೇಳಿದುದು, ಸಂಘವೆಲ್ಲ ದಕ್ಷಿಣಕ್ಕೆ ಹೊರಟುದು, ಪ್ರಭಾಚಂದ್ರನೆಂಬ ಆಚಾರ್ಯ ಈ ಬೆಟ್ಟದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟುದು ಅದರಲ್ಲಿ ಬರುತ್ತವೆ. ಬಿ. ಎಲ್. ರೈಸರು 1889ರಲ್ಲಿ ಬೆಳಗೊಳದ ಶಾಸನಗಳನ್ನು ಅಚ್ಚು ಹಾಕಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ತಿದ್ದಿ ಬೆಳೆಸಿದರು. ಶ್ರೀರಂಗಪಟ್ಟಣದ ಬಳಿಯ ಕ್ರಿ. ಶ. 900ರ ಸುಮಾರಿನ ಶಾಸನಗಳಲ್ಲಿ ಕಳ್ಬಪ್ಪಿನ ಶಿಖರದ ಮೇಲೆ ಭದ್ರಬಾಹು ಚಂದ್ರಗುಪ್ತರ ಹೆಜ್ಜೆಗುರುತುಗಳಿವೆಯೆಂಬ ಮಾತಿದೆ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ದಾಸೋಜನೆಂಬ ಶಿಲ್ಪಿ ಗುರುಶಿಷ್ಯರ ಕಥೆಯನ್ನು 90 ಪುಟ್ಟ ಚಿತ್ರಗಳಲ್ಲಿ ಕಡೆದಿದ್ದಾನೆ.

ಬೆಟ್ಟದ ಮೇಲಿನ ಗುಹೆಯಲ್ಲಿ ಗುರುಗಳು ಉಪವಾಸ ಹಿಡಿದಾಗ ಚಂದ್ರಗುಪ್ತನೊಬ್ಬನೇ ಜೊತೆಗುಳಿದನೆಂದು ಐತಿಹ್ಯ. ಭಿಕ್ಷೆಗೆಂದು ಕಾಡಿಗೆ ಹೋದರೆ ಮರದಿಂದ ಬಳೆ ತೊಟ್ಟ ಕೈಯೊಂದು ಅನ್ನ ನೀಡಿತು. ಕೊಡುವವರು ಕಾಣದ ಅನ್ನ ಮುನಿಗೆ ಸಲ್ಲದೆಂದು ಅವನು ಬರಿಗೈಯಲ್ಲಿ ಹಿಂದಿರುಗಿದ. ಕೊನೆಗೊಂದು ದಿನ ಕಾಡಿನಲ್ಲಿ ಊರೇ ಕಾಣಿಸಿತು. ಗೃಹಸ್ಥರು ಕರೆದು ಉಣಬಡಿಸಿದರು. ಬರ ಕಳೆದು ಉಳಿದ ಮುನಿಗಳು ಬಂದು ಅದೇ ಊರಲ್ಲಿ ಉಂಡರು. ಒಬ್ಬನು ಮರೆತು ಬಂದ ಕಮಂಡಲುವನ್ನು ತರಲು ಹೋದರೆ ಊರಿರಲಿಲ್ಲ; ಕಮಂಡಲು ಮರಕ್ಕೆ ತೂಗುತ್ತಿತ್ತು.

ಬೆಟ್ಟದ ಆ ಶಾಸನ ಹುಟ್ಟಿದ ಕಾಲದಲ್ಲಿಯೇ, ಭೂಮಿಯ ಇನ್ನೊಂದು ಅಂಚಿನಲ್ಲಿ, ಐರ್ಲೆಂಡಿನ ಸನ್ಯಾಸಿ ಕೊಲಂಬನು ತನ್ನ ನಾಡು ಬಿಟ್ಟು ಸ್ಕಾಟ್ಲೆಂಡಿನ ಅಯೋನ ದ್ವೀಪದಲ್ಲಿ ಮಠ ಕಟ್ಟಿಕೊಂಡಿದ್ದ. 563ರಲ್ಲಿ ಹೊರಟವನು 597ರಲ್ಲಿ ಅಲ್ಲಿಯೇ ತೀರಿಕೊಂಡ. ಹುಟ್ಟಿದ ನಾಡನ್ನು ತೊರೆಯುವುದೇ ಆ ಸನ್ಯಾಸಿಗಳಿಗೆ ದೊಡ್ಡ ತಪಸ್ಸು. ಸುಮಾರು ನೂರು ವರ್ಷದ ಮೇಲೆ ಅವನ ಚರಿತ್ರೆ ಬರೆದ ಅಡೊಮ್ನಾನ್ ಒಂದು ಸಂಗತಿ ಹೇಳುತ್ತಾನೆ. ಗಾಳಿಗೆ ಸಿಕ್ಕಿ ದಣಿದ ಕೊಕ್ಕರೆಯೊಂದು ದಡದಲ್ಲಿ ಬೀಳುವುದೆಂದು ಕೊಲಂಬನು ಮೊದಲೇ ತಿಳಿಸಿ, ಮೂರು ದಿನ ಅದನ್ನು ಉಪಚರಿಸೆಂದು ಶಿಷ್ಯನಿಗೆ ಅಪ್ಪಣೆ ಮಾಡಿದ. ಕಾರಣ, ಆ ಹಕ್ಕಿ ಬಂದದ್ದು ನಮ್ಮ ನಾಡಿನಿಂದ ಎಂದ. ಎಲ್ಲವನ್ನೂ ತೊರೆದವನಿಗೂ ಊರ ಕಡೆಯ ಹಕ್ಕಿ ನೆಂಟನಾಯಿತು.

ಭದ್ರಬಾಹುಗಳ ಕಥೆಯಲ್ಲಿ ನಮ್ಮನ್ನು ಹೆಚ್ಚು ಕಾಡುವವರು, ನಿಜ ಹೇಳಬೇಕೆಂದರೆ, ದಕ್ಷಿಣಕ್ಕೆ ಬಾರದೆ ಉಳಿದ ಮುನಿಗಳು. ಬರದಲ್ಲಿ ಹಸಿದವರು ಭಿಕ್ಷೆಯ ಮುನಿಗಳ ಹಿಂದೆಯೇ ಗುಂಪುಗೂಡಿ ಬರುತ್ತಿದ್ದುದರಿಂದ ಗೃಹಸ್ಥರು ಬಾಗಿಲು ಮುಚ್ಚಿದರಂತೆ. ರಾತ್ರಿ ಪಾತ್ರೆ ತಂದು ಅನ್ನ ಒಯ್ಯಿರೆಂದರಂತೆ. ಹಾಗೆ ಇರುಳಲ್ಲಿ ಬಂದ, ಎಲುಬಿನ ಗೂಡಿನಂಥ ನಗ್ನ ಮುನಿಯೊಬ್ಬನನ್ನು ಕಂಡು ಬಸುರಿ ಹೆಂಗಸೊಬ್ಬಳಿಗೆ ಗರ್ಭಪಾತವಾಯಿತು. ಅಂದಿನಿಂದ ಅರಿವೆಯ ತುಂಡೊಂದನ್ನು ಹಿಡಿದು ಬನ್ನಿರೆಂದು ಶ್ರಾವಕರು ಬೇಡಿಕೊಂಡರು. ಹನ್ನೆರಡು ವರ್ಷ ಕಳೆದು ಹೋದವರು ಮರಳಿದಾಗ ಇದ್ದವರ ಪಾತ್ರೆ, ಅರಿವೆ, ನಡತೆ ಎಲ್ಲವೂ ಬೇರೆಯಾಗಿದ್ದವು. ಇವರು ಕೆಟ್ಟರೆಂದರು ಅವರು. ಇದು ದಿಗಂಬರರು ಹೇಳುವ ಕಥೆ, ಶ್ವೇತಾಂಬರರು ಒಪ್ಪುವುದಿಲ್ಲ. ಅವರ ಕಥೆಯಲ್ಲಿ ಇದ್ದವರೇ ಪಾಟಲಿಪುತ್ರದಲ್ಲಿ ಕೂಡಿ ಮರೆತುಹೋಗುತ್ತಿದ್ದ ಆಗಮವನ್ನು ಜೋಡಿಸಿದರು. ಸ್ಥೂಲಭದ್ರನು ನೇಪಾಳಕ್ಕೆ ನಡೆದು ಭದ್ರಬಾಹುಗಳಲ್ಲಿ ಪೂರ್ವಗಳನ್ನು ಕಲಿತ. ವಿದ್ಯೆಯ ಬೆಡಗು ತೋರಿಸಲು ಸಿಂಹದ ರೂಪ ತಾಳಿದ್ದರಿಂದ ಕೊನೆಯ ನಾಲ್ಕರ ಅರ್ಥ ಮಾತ್ರ ಅವನಿಗೆ ದಕ್ಕಲಿಲ್ಲ.

ಈ ಭಾಗವನ್ನು ಕಲ್ಕತ್ತೆಯಲ್ಲಿ ಕುಳಿತು ಓದುವವರಿಗೆ 1943 ನೆನಪಾಗದೆ ಇರದು. ಹಳ್ಳಿಗಳಿಂದ ಬಂದವರು ಇದೇ ಬೀದಿಗಳಲ್ಲಿ ಅನ್ನವನ್ನೂ ಅಲ್ಲ, ಗಂಜಿಯ ತಿಳಿಯನ್ನು, "ಫ್ಯಾನ್ ದಾವ್" ಎಂದು ಬೇಡುತ್ತ ಸತ್ತರು. ಆ ಕ್ಷಾಮದಲ್ಲಿ ಬಂಗಾಳದಲ್ಲಿ ತೀರಿಕೊಂಡವರು ಇಪ್ಪತ್ತರಿಂದ ಮೂವತ್ತು ಲಕ್ಷವೆಂದು ಅಂದಾಜು. ಬಾಗಿಲು ಮುಚ್ಚಿದ ಮನೆಯವರೂ ಇದ್ದರು, ಇದ್ದ ಗಂಜಿಯನ್ನು ಹಂಚಿದವರೂ ಇದ್ದರು. ಅಂಥ ಕಾಲದಲ್ಲಿ ಅರಿವೆಯ ತುಂಡು ಹಿಡಿದ ಮುನಿಯನ್ನು ದೂರದಲ್ಲಿ ಉಂಡು ಬಂದವರು ತೂಗಿ ನೋಡುವುದು ಸುಲಭವೇ? ಹೊರಟವರು ವ್ರತವನ್ನು ಉಳಿಸಿದರು. ಇದ್ದವರು ಕಷ್ಟದಲ್ಲಿರುವ ಜನರ ನಡುವೆ ಉಳಿದರು. ಎರಡಕ್ಕೂ ಬೆಲೆ ತೆತ್ತರು.

ನಮ್ಮ ಸಂಸಾರಗಳಲ್ಲಿಯೂ ಈ ವ್ಯಾಜ್ಯ ಸಣ್ಣ ಪ್ರಮಾಣದಲ್ಲಿ ನಡೆಯುತ್ತಲೇ ಇರುತ್ತದೆ. ರಜೆಗೆ ಊರಿಗೆ ಹೋದಾಗ, ಊರವರ ಕನ್ನಡ ಕೆಟ್ಟಿತು, ಹಬ್ಬದ ಪದ್ಧತಿ ಹೋಯಿತು ಎಂದು ನಾವು ಮೂಗು ಮುರಿಯುತ್ತೇವೆ. ನಮ್ಮ ಮಕ್ಕಳ ಮಾತಿನಲ್ಲಿ ಬಂಗಾಳಿಯ ರಾಗ ಕೇಳಿ ಅವರು ನಗುತ್ತಾರೆ. ಇಪ್ಪತ್ತು ವರ್ಷ ಹಿರಿಯರನ್ನು ನೋಡಿಕೊಂಡು ಹಳೆಯ ಮನೆಯ ಸೂರು ಕಾಯ್ದ ತಮ್ಮನಿಗೆ ಆಚಾರ ಹೇಳಿಕೊಡುವ ಮೊದಲು, ಅವನು ಏನು ಕಂಡನೆಂದು ಕೇಳುವುದು ಒಳ್ಳೆಯದು. ಅವನಿಗೂ ನಮ್ಮನ್ನು ಹಾಗೆ ಕೇಳುವ ಋಣವಿದೆ.

ಬೆಳಗೊಳಕ್ಕೆ ಹೋದವರೆಲ್ಲ ದೊಡ್ಡಬೆಟ್ಟ ಹತ್ತಿ, 58 ಅಡಿಯ ಗೊಮ್ಮಟನಿಗೆ ಕೈಮುಗಿದು, ಬಿಸಿಲೇರಿತೆಂದು ಬಸ್ಸು ಹಿಡಿಯುತ್ತಾರೆ. ಮುಂದಿನ ಸಲ ಹೋಗುವ ವಾಚಕರು ಬೆಳಿಗ್ಗೆಯೇ ಚಿಕ್ಕಬೆಟ್ಟವನ್ನು ಹತ್ತಬೇಕೆಂದು ನಮ್ಮ ಕೋರಿಕೆ. ಮೆಟ್ಟಿಲುಗಳು ಕಡಿಮೆ, ವಯಸ್ಸಾದವರಿಗೂ ಆದೀತು. ಭದ್ರಬಾಹು ಗುಹೆಯಲ್ಲಿ ಕಲ್ಲಿನ ಪಾದಗಳಿವೆ. ಮಕ್ಕಳನ್ನು ಜೊತೆಗೆ ಕರೆದೊಯ್ದು, ಆ ಪಾದಗಳು ನಮ್ಮ ಗಂಗಾರಾಮಪುರದ ಕಡೆಯ ಹುಡುಗನವೆಂದು ಹೇಳಿರಿ.